ಹೆರಿಗೆಯಲ್ಲಿ ಅವಸರವೇಕೆ?

ಹೆರಿಗೆಯೆಂಬುದು ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಮನೆಮನೆಗೂ ತಿಳಿದುದು. ಆದರೆ ಆ ಮರುಹುಟ್ಟಿನಲ್ಲಿ ಅವಳ ದೇಹಕ್ಕೆ ಎಲ್ಲಿ ಪೆಟ್ಟಾಗುವುದು, ಆ ಪೆಟ್ಟನ್ನು ತಗ್ಗಿಸುವ ಬಗೆ ಯಾವುದು ಎಂಬುದನ್ನು ಬಾಯಿಬಿಟ್ಟು ಹೇಳುವ ರೂಢಿ ಮಾತ್ರ ಬಹುಮಟ್ಟಿಗೆ ಯಾವ ಮನೆಯಲ್ಲಿಯೂ ಇಲ್ಲ. ಬಸುರಿಯಾದವಳು ಯಾವ ಹಣ್ಣನ್ನು ತಿನ್ನಬಾರದು, ಯಾವ ಹೊತ್ತಿನಲ್ಲಿ ಹೊಸಿಲು ದಾಟಬಾರದು, ಗ್ರಹಣದ ದಿನ ಹೇಗಿರಬೇಕು ಎಂಬುದನ್ನು ಹೇಳಲು ಹತ್ತು ಮಂದಿ ಮುಂದೆ ಬರುವರು. ಮಗು ಹೊರಬರುವ ಕಡೆಯ ಗಳಿಗೆಯಲ್ಲಿ ಆಕೆ ಹೇಗೆ ಉಸಿರಾಡಬೇಕು, ಹೇಗೆ ಮಲಗಬೇಕು, ಯಾವಾಗ ತಿಣುಕಬೇಕು, ಯಾವಾಗ ತಿಣುಕದೆ ಸುಮ್ಮನಿರಬೇಕು ಎಂಬುದನ್ನು ಹೇಳುವವರು ಸಿಕ್ಕುವುದು ದುರ್ಲಭ. ನಾಚಿಕೆಯು ಒಳ್ಳೆಯ ಗುಣವೇ ಸರಿ. ಆದರೆ ಆ ನಾಚಿಕೆಯ ದೆಸೆಯಿಂದ ಒಂದು ಜೀವವು ಬಾಳೆಲ್ಲ ನೋಯುವುದಾದರೆ ಅದನ್ನು ಗುಣವೆನ್ನಲು ಬಾರದು.

ಈ ಪತ್ರಿಕೆಯನ್ನು ಮನೆಯ ಹಿರಿಯರೂ ಕಿರಿಯರೂ ಓದುವರೆಂಬುದನ್ನು ನಾನು ಬಲ್ಲೆ. ಬಲ್ಲೆನಾದುದರಿಂದಲೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಗಳ ಬಾಣಂತನ ಮಾಡಬೇಕಾದ ತಾಯಿಯೂ, ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಅತ್ತೆಯೂ, ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯುವ ಗಂಡನೂ ತಿಳಿದಿರಬೇಕಾದ ವಿಷಯವಿದು. ನಾನು ೧೯೭೬ರಲ್ಲಿ ದಾದಿಯ ತರಬೇತಿಗೆ ಸೇರಿದವಳು. ೨೦೧೨ರಲ್ಲಿ ನಿವೃತ್ತಳಾಗುವವರೆಗೆ ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಹಲವು ಊರುಗಳ ಹೆರಿಗೆಯ ಕೋಣೆಗಳಲ್ಲಿ ದುಡಿದವಳು. ಕಣ್ಣಾರೆ ಕಂಡುದನ್ನೂ, ಈಚಿನ ವೈದ್ಯಶಾಸ್ತ್ರವು ಪರೀಕ್ಷಿಸಿ ಒಪ್ಪಿರುವುದನ್ನೂ ಕೂಡಿಸಿ ನಾಲ್ಕು ಮಾತು ಹೇಳುವೆನು.

ಮೊದಲು ವಿಷಯವನ್ನು ತಿಳಿಯಾಗಿಸೋಣ. ಮಗು ಹೊರಬರುವ ದ್ವಾರಕ್ಕೂ ಮಲದ್ವಾರಕ್ಕೂ ನಡುವೆ ಎರಡು ಬೆರಳಗಲದ ಮಾಂಸಲವಾದ ಎಡೆಯೊಂದುಂಟು. ಡಾಕ್ಟರುಗಳು ಇದನ್ನು ಪೆರಿನಿಯಂ ಎನ್ನುವರು. ಮೇಲೆ ಚರ್ಮ, ಅದರ ಕೆಳಗೆ ಪದರ ಪದರವಾಗಿ ಸ್ನಾಯುಗಳು, ಅವುಗಳ ಹಿಂದೆ ಮಲವನ್ನು ಹಿಡಿದಿಡುವ ಉಂಗುರದಂಥ ಸ್ನಾಯು. ಇದು ಆ ಎಡೆಯ ರಚನೆ. ದಿನ ತುಂಬಿದ ಮಗುವಿನ ತಲೆಯ ಸುತ್ತಳತೆ ಸುಮಾರು ೩೪-೩೫ ಸೆಂಟಿಮೀಟರು. ಅಷ್ಟು ದೊಡ್ಡ ತಲೆಗೆ ದಾರಿ ಮಾಡಿಕೊಡಲು ಈ ಎಡೆಯು ಹಿಗ್ಗಿ ಹಿಗ್ಗಿ ತೆಳ್ಳಗಾಗುವುದು. ನಿಧಾನವಾಗಿ ಹಿಗ್ಗಲು ಕಾಲ ಸಿಕ್ಕರೆ ಎಷ್ಟೋ ಮಟ್ಟಿಗೆ ತಾಳಿಕೊಳ್ಳುವುದು. ತಲೆಯು ಒಮ್ಮೆಗೇ ನುಗ್ಗಿ ಬಂದರೆ ಹರಿಯುವುದು.

ಹೀಗೆ ಹರಿಯುವುದರಲ್ಲಿ ನಾಲ್ಕು ತರಗಳುಂಟು. ಮೊದಲನೆಯದು ಬರಿಯ ಚರ್ಮದ ಗೀರು. ಹಲವು ವೇಳೆ ತಾನಾಗಿಯೇ ಮಾಯುವುದು. ಎರಡನೆಯದರಲ್ಲಿ ಸ್ನಾಯುವೂ ಹರಿಯುವುದರಿಂದ ಹೊಲಿಗೆ ಬೇಕಾಗುವುದು. ಮೂರನೆಯದರಲ್ಲಿ ಮಲವನ್ನು ಹಿಡಿದಿಡುವ ಆ ಉಂಗುರಸ್ನಾಯುವಿಗೇ ಪೆಟ್ಟಾಗುವುದು. ನಾಲ್ಕನೆಯದರಲ್ಲಿ ಕರುಳಿನ ಒಳಪೊರೆಯವರೆಗೆ ಹರಿಯುವುದು. ಚೊಚ್ಚಲ ಹೆರಿಗೆಯಲ್ಲಿ ಹತ್ತು ಮಂದಿ ತಾಯಂದಿರಲ್ಲಿ ಒಂಬತ್ತು ಮಂದಿಯವರೆಗೆ ಗೀರೋ ಹರಕೋ ಕತ್ತರಿಯ ಗಾಯವೋ ಒಂದಲ್ಲ ಒಂದು ಆಗುವುದೆಂದು ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಜಪರಿಷತ್ತು ತಾಯಂದಿರಿಗೆ ತಿಳಿಸುತ್ತದೆ. ಇವುಗಳಲ್ಲಿ ಬಹುಪಾಲು ಸಣ್ಣವು. ಮೂರನೆಯ ಮತ್ತು ನಾಲ್ಕನೆಯ ತರದ ಗಾಯವು ಅಲ್ಲಿ ಚೊಚ್ಚಲಲ್ಲಿ ನೂರಕ್ಕೆ ಸುಮಾರು ೬ ಮಂದಿಗೆ ಆಗುವುದು. ಒಮ್ಮೆ ಸಹಜವಾಗಿ ಹೆತ್ತವರಲ್ಲಿ ೨ಕ್ಕಿಂತ ಕಡಿಮೆ. ಆದುದರಿಂದ ಸಣ್ಣ ಗೀರಿಗೆ ಅಂಜಬೇಕಾದುದಿಲ್ಲ. ತಪ್ಪಿಸಲು ಯತ್ನಿಸಬೇಕಾದುದು ಆ ದೊಡ್ಡ ಗಾಯವನ್ನು.

ದೊಡ್ಡ ಗಾಯವೆಂದರೆ ಏನೆಂಬುದನ್ನು ನಾನು ಮೊದಲು ಕಲಿತುದು ಪುಸ್ತಕದಿಂದಲ್ಲ, ನನ್ನ ಹಿರಿಯಕ್ಕನಿಂದ. ಅವಳ ಚೊಚ್ಚಲ ಹೆರಿಗೆಯಾದುದು ೧೯೭೧ರಲ್ಲಿ. ಮಳೆಗಾಲದ ರಾತ್ರಿ, ಮಗು ದೊಡ್ಡದು, ಸುತ್ತ ನಿಂತವರಿಗೆಲ್ಲ ಅವಸರ. ಒಬ್ಬರು ಹೊಟ್ಟೆಯ ಮೇಲ್ಭಾಗವನ್ನು ಬಲವಾಗಿ ಅದುಮಿದರಂತೆ, ಉಳಿದವರು ತಿಣುಕು ತಿಣುಕೆಂದು ಕೂಗಿದರಂತೆ. ಮಗು ಕ್ಷೇಮವಾಗಿ ಹುಟ್ಟಿತು. ಗಂಡುಮಗುವೆಂದು ಸಕ್ಕರೆ ಹಂಚಿದರು. ತಾಯಿಗೆ ಆದ ಗಾಯವನ್ನು ನೋಡಿದವರಿಲ್ಲ, ಹೊಲಿದವರಿಲ್ಲ. ಅಂದಿನಿಂದ ಅಕ್ಕನಿಗೆ ವಾಯುವನ್ನಾಗಲಿ ಮಲವನ್ನಾಗಲಿ ತಡೆದುಕೊಳ್ಳುವ ಶಕ್ತಿ ಉಳಿಯಲಿಲ್ಲ. ಅದನ್ನು ಯಾರೊಡನೆಯೂ ಹೇಳಲಿಲ್ಲ. ಮದುವೆಮನೆಗೆ ಬರಲೊಲ್ಲಳು, ದೇವಸ್ಥಾನದೊಳಕ್ಕೆ ಕಾಲಿಡಲೊಲ್ಲಳು, ಬಸ್ಸು ಹತ್ತಲೊಲ್ಲಳು. ‘ಅವಳಿಗೆ ಮಡಿ ಹೆಚ್ಚು, ಜನ ಬೇಡ’ ಎಂದು ಬಂಧುಗಳು ಆಡಿಕೊಂಡರು. ದಿನಕ್ಕೆ ಮೂರು ಬಾರಿ ಸೀರೆ ಒಗೆಯುವವಳ ಮಡಿಯ ಕಾರಣ ಯಾವುದೆಂದು ಕೇಳಿದವರಿಲ್ಲ. ಇಪ್ಪತ್ತಮೂರು ವರ್ಷ ಕಳೆದ ಮೇಲೆ, ೧೯೯೪ರಲ್ಲಿ, ಹಿತ್ತಿಲ ಬಾವಿಕಟ್ಟೆಯ ಬಳಿ ಅವಳಾಗಿ ನನ್ನೊಡನೆ ಹೇಳಿದಳು. ಮರುವರ್ಷ ಪಟ್ಟಣದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಷ್ಟು ತಡವಾಗಿ ಮಾಡಿದ ಹೊಲಿಗೆಯಿಂದ ಪೂರ್ತಿ ಗುಣವಾಗದಿದ್ದರೂ ಮುಕ್ಕಾಲು ಪಾಲು ಗುಣವಾಯಿತು. ಅದಾದ ಮೇಲೆ ಅವಳು ಮೊದಲು ಹೋದುದು ಒಂದು ಮದುವೆಗೆ. ಪಂಕ್ತಿಯಲ್ಲಿ ಎಲ್ಲರ ನಡುವೆ ಕುಳಿತು ಉಂಡಳು.

ಆ ಅಕ್ಕನ ಮೊಮ್ಮಗಳು ಈಗ ಚೊಚ್ಚಲ ಬಸುರಿ. ಓದಿದ ಹುಡುಗಿ, ಅಜ್ಜಿಯ ಕಥೆಯನ್ನು ತಾಯಿಯ ಬಾಯಿಂದ ಕೇಳಿದವಳು. ಸೀಮಂತ ಮುಗಿಸಿ ತವರಿಗೆ ಬಂದವಳೇ ಹತ್ತಿರ ಕುಳಿತು, “ಚಿಕ್ಕಜ್ಜೀ, ಹೆರುವಾಗ ಮೈ ಹರಿಯದ ಹಾಗೆ ನಾನು ಮಾಡಬಹುದಾದದ್ದು ಏನಾದರೂ ಉಂಟೋ, ಅಥವಾ ಎಲ್ಲವೂ ಹಣೆಬರಹವೋ?” ಎಂದು ಕೇಳಿದಳು. “ಎಲ್ಲವೂ ನಿನ್ನ ಕೈಯಲ್ಲಿಲ್ಲ, ಮಗೂ, ಆದರೆ ನಿನ್ನ ಕೈಯಲ್ಲಿ ಏನೂ ಇಲ್ಲವೆಂದೂ ಅಲ್ಲ” ಎಂದೆ. ಅವಳಿಗೆ ಹೇಳಿದುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು, ಎಣ್ಣೆಯ ನೀವುವಿಕೆ. ಎಂಟನೆಯ ತಿಂಗಳು ಕಳೆಯುತ್ತ ಬಂದಾಗ, ಅಂದರೆ ಡಾಕ್ಟರ ಲೆಕ್ಕದ ೩೪ ಅಥವಾ ೩೫ನೆಯ ವಾರದಿಂದ, ಇದನ್ನು ತೊಡಗಬಹುದು. ನಮ್ಮಲ್ಲಿ ಚೊಚ್ಚಲಿಗೆ ಹೆಣ್ಣುಮಕ್ಕಳು ತವರಿಗೆ ಬಂದು ನೆಲಸುವ ಕಾಲವೂ ಹೆಚ್ಚು ಕಡಿಮೆ ಇದೇ. ಉಗುರನ್ನು ಕತ್ತರಿಸಿ, ಕೈಯನ್ನು ಸಾಬೂನಿನಿಂದ ತೊಳೆದು, ದಿಂಬಿಗೆ ಒರಗಿ ಮಂಡಿ ಮಡಚಿ ಕುಳಿತುಕೊಳ್ಳಬೇಕು. ಸುವಾಸನೆ ಬೆರೆಸದ ಶುದ್ಧವಾದ ಕೊಬ್ಬರಿ ಎಣ್ಣೆಯನ್ನೋ ಬಾದಾಮಿ ಎಣ್ಣೆಯನ್ನೋ ಬೆರಳಿಗೆ ಹಚ್ಚಿಕೊಂಡು, ಹೆಬ್ಬೆರಳನ್ನು ದ್ವಾರದೊಳಕ್ಕೆ ಒಂದೂವರೆ ಅಂಗುಲದಷ್ಟು ಮಾತ್ರ ಇಟ್ಟು, ಕೆಳಮುಖವಾಗಿ ಮಲದ್ವಾರದ ದಿಕ್ಕಿಗೆ ಮೆಲ್ಲನೆ ಒತ್ತಬೇಕು. ಸ್ವಲ್ಪ ಉರಿದಂತೆ, ಹಿಗ್ಗಿದಂತೆ ತೋರಿದಾಗ ಅಲ್ಲಿಯೇ ಒಂದು ನಿಮಿಷ ಹಿಡಿದು, ಬಳಿಕ ಎರಡು ಪಕ್ಕಗಳಿಗೂ ತೊಟ್ಟಿಲು ತೂಗಿದಂತೆ ಬಾಗಿಸಿ ನೀವಬೇಕು. ಮುಂದುಗಡೆ ಮೂತ್ರದ್ವಾರವಿರುವ ಕಡೆಗೆ ಒತ್ತಬಾರದು. ಒಟ್ಟು ಐದು ನಿಮಿಷ ಸಾಕು. ಹೊಟ್ಟೆಯು ಅಡ್ಡವಾಗಿ ಕೈಗೆಟುಕದಿದ್ದರೆ, ಮನಸ್ಸಿಗೆ ಒಪ್ಪಿದಲ್ಲಿ ಗಂಡನ ನೆರವನ್ನು ಪಡೆಯಬಹುದು.

ಇದರಿಂದ ಆಗುವ ಲಾಭವೆಷ್ಟು ಎಂದು ಕೇಳುವಿರಾ? ಸುಮಾರು ೨,೫೦೦ ಮಂದಿ ಬಸುರಿಯರ ಮೇಲೆ ನಡೆದ ನಾಲ್ಕು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ನೀವಿಕೊಂಡವರಲ್ಲಿ ಹದಿನೈದು ಮಂದಿಗೆ ಒಬ್ಬಳಂತೆ ಹೊಲಿಗೆಯಿಂದ ಪಾರಾದಳೆಂದು ಕಂಡುಬಂದಿದೆ. ಈ ಫಲವು ಮುಖ್ಯವಾಗಿ ಮೊದಲ ಬಾರಿ ಹೆರುವವರಿಗೆ ಸೇರಿದುದು. ದಿನವೂ ಮಾಡಿದವರಿಗಿಂತ ವಾರಕ್ಕೆ ಒಂದೆರಡು ಬಾರಿ ಮಾಡಿದವರಿಗೇ ಹೆಚ್ಚು ಉಪಯೋಗವಾಯಿತೆಂಬುದು ಗಮನಿಸಬೇಕಾದ ಮಾತು. ಹೆಚ್ಚು ಮಾಡಿದರೆ ಹೆಚ್ಚು ಫಲವೆಂಬ ನಿಯಮ ಇಲ್ಲಿ ನಡೆಯದು. ಇನ್ನೊಂದು ಪ್ರಯೋಜನವುಂಟು. ಹಿಗ್ಗುವಾಗ ಆಗುವ ಆ ಉರಿಯ ಪರಿಚಯ ಮೊದಲೇ ಆಗಿರುವುದರಿಂದ, ಹೆರಿಗೆಯ ಹೊತ್ತಿನಲ್ಲಿ ಅದೇ ಉರಿ ಬಂದಾಗ ಬೆದರಿ ಮೈ ಬಿಗಿಯದೆ ಸಡಿಲ ಬಿಡಲು ಬರುವುದು. ಆದರೆ ರಕ್ತ ಕಾಣಿಸಿಕೊಂಡಿದ್ದರೆ, ನೀರು ಒಸರುತ್ತಿದ್ದರೆ, ಆ ಭಾಗದಲ್ಲಿ ಸೋಂಕಿದ್ದರೆ, ಕಸವು ಗರ್ಭಕೋಶದ ಬಾಯಿಗೆ ಅಡ್ಡಲಾಗಿದೆಯೆಂದು ಡಾಕ್ಟರು ಹೇಳಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿದ್ದರೆ ಇದನ್ನು ಮಾಡತಕ್ಕುದಲ್ಲ. ಏನೇ ಇದ್ದರೂ ಒಮ್ಮೆ ಡಾಕ್ಟರನ್ನು ಕೇಳಿ ತೊಡಗುವುದು ಲೇಸು.

ಎಣ್ಣೆಯ ಈ ಉಪಾಯ ನಮಗೆ ಹೊರಗಿನಿಂದ ಬಂದುದೆಂದು ತಿಳಿಯಬೇಡಿರಿ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಒಂಬತ್ತನೆಯ ತಿಂಗಳಿನಲ್ಲಿ ಎಣ್ಣೆಯಲ್ಲಿ ನೆನೆಸಿದ ಪಿಚುವಿನಿಂದ ಹೆರಿಗೆಯ ಮಾರ್ಗವನ್ನು ಸ್ನಿಗ್ಧಗೊಳಿಸುವ ವಿಧಿಯನ್ನು ಹೇಳಿದೆ. ಇಂದು ಮನೆಯಲ್ಲಿ ಬಟ್ಟೆಯನ್ನಾಗಲಿ ಹತ್ತಿಯನ್ನಾಗಲಿ ಒಳಗಿಡುವುದು ಸೋಂಕಿಗೆ ಎಡೆಮಾಡುವುದರಿಂದ ಕೂಡದು. ಆದರೆ ಆ ಎಡೆಯನ್ನು ಮುಂಚಿತವಾಗಿ ಅಣಿಗೊಳಿಸಬೇಕೆಂಬ ತಿಳಿವು ನಮ್ಮ ಹಿಂದಿನವರಿಗೆ ಇತ್ತೆಂಬುದು ಸಂತೋಷದ ಸಂಗತಿ.

ಆದರೆ ಹಿಂದಿನವರು ಹೇಳಿದುದೆಲ್ಲವೂ ಫಲಿಸುವುದೆಂದಲ್ಲ. ಕಡೆಯ ತಿಂಗಳಲ್ಲಿ ತುಪ್ಪವನ್ನು ಹೆಚ್ಚು ಸುರಿದುಕೊಂಡು ಉಂಡರೆ ಮಗು ಜಾರಿ ಬರುವುದೆಂದು ಹಲವು ಮನೆಗಳಲ್ಲಿ ನಂಬಿಕೆಯುಂಟು. ತುಪ್ಪವು ಕರುಳಿನ ದಾರಿ ಹಿಡಿಯುವುದು. ಮಗುವಿನ ದಾರಿಯೇ ಬೇರೆ. ಹೆಚ್ಚು ತಿಂದ ತುಪ್ಪದಿಂದ ಜಾರುವುದು ಮಗುವಲ್ಲ, ಏರುವುದು ತಾಯಿಯ ತೂಕ. ನೋವು ಬೇಗ ಬರಲೆಂದು ಹರಳೆಣ್ಣೆ ಕುಡಿಸುವುದೂ ಸರಿಯಲ್ಲ. ಭೇದಿಯಾಗಿ, ವಾಂತಿಯಾಗಿ, ಬಲ ಬೇಕಾದ ಹೊತ್ತಿಗೆ ತಾಯಿ ಸೊರಗುವಳು. ನಡೆದಾಡುವುದು, ನೆಲದ ಮೇಲೆ ಕುಳಿತು ಏಳುವುದು, ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ದಿನಕ್ಕೆ ಕೆಲವು ಬಾರಿ ಬಿಗಿದು ಸಡಿಲಿಸುವುದು, ಇವು ಮೈಯನ್ನು ಚುರುಕಾಗಿಡುವುವು. ಈ ಕಡೆಯ ವ್ಯಾಯಾಮವನ್ನು ಅಮೆರಿಕದ ಕೆಗೆಲ್ ಎಂಬ ವೈದ್ಯರು ೧೯೪೮ರಲ್ಲಿ ಪ್ರಚಾರಕ್ಕೆ ತಂದರು. ಹರಕನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ಹೆರಿಗೆಯ ಬಳಿಕ ಕೆಮ್ಮಿದರೆ ಸೀನಿದರೆ ಮೂತ್ರ ಜಾರುವ ತೊಂದರೆಗೆ ಅದು ಮದ್ದು.

ಇನ್ನು ಹೆರಿಗೆಯ ಹೊತ್ತಿನ ಮಾತು. ಇಲ್ಲಿಯೇ ನನ್ನ ಲೇಖನದ ಸಾರವಿರುವುದು. ಗರ್ಭಕೋಶದ ಬಾಯಿ ಪೂರ್ತಿಯಾಗಿ ತೆರೆದ ಮೇಲೆ ಮಗು ಹೊರಬರಲು, ಚೊಚ್ಚಲಾದರೆ, ಒಂದೆರಡು ಗಂಟೆ ಹಿಡಿದರೂ ಸಹಜವೇ. ತಾಯಿಯೂ ಮಗುವೂ ಚೆನ್ನಾಗಿರುವವರೆಗೆ ಅದಕ್ಕೆ ಅಂಜಬೇಕಾದುದಿಲ್ಲ. ಆದರೆ ಹೆರಿಗೆಯ ಕೋಣೆಯಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಬಾಯಿ ತೆರೆಯಿತೋ ಇಲ್ಲವೋ, ‘ಮುಕ್ಕಮ್ಮಾ, ಜೋರಾಗಿ ಮುಕ್ಕು, ಉಸಿರು ಬಿಡಬೇಡ’ ಎಂಬ ಕೂಗು ಏಳುವುದು. ನೋವು ಬಂದಿರಲಿ ಬಾರದಿರಲಿ, ತಾಯಿ ಮುಖ ಕೆಂಪಾಗುವಂತೆ ತಿಣುಕುವಳು. ನೋವು ಬಾರದಿರುವಾಗ ತಿಣುಕಬೇಡ, ಅಂಥ ಶ್ರಮ ವ್ಯರ್ಥ ಎಂಬ ಎಚ್ಚರಿಕೆಯು ನಾನು ಮೇಲೆ ಹೇಳಿದ ಚರಕಸಂಹಿತೆಯ ಅದೇ ಅಧ್ಯಾಯದಲ್ಲಿದೆ. ಮೊದಲು ಮೆಲ್ಲಮೆಲ್ಲನೆ, ಬಳಿಕ ಬಲವಾಗಿ ಎಂಬ ಕ್ರಮವೂ ಅಲ್ಲಿದೆ. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯೂ ತಾಯಿಯು ತನ್ನ ಮೈಯ ಒತ್ತಡವನ್ನು ಅನುಸರಿಸಿ ತಿಣುಕುವುದೇ ಸರಿಯೆಂದು ೨೦೧೮ರ ತನ್ನ ಸೂಚನೆಗಳಲ್ಲಿ ಹೇಳಿದೆ. ಹೊಟ್ಟೆಯ ಮೇಲ್ಭಾಗವನ್ನು ಅದುಮಿ ಮಗುವನ್ನು ತಳ್ಳುವ ಪದ್ಧತಿಯನ್ನು ಅದು ಒಪ್ಪುವುದಿಲ್ಲ. ನನ್ನ ಅಕ್ಕನಿಗೆ ಮಾಡಿದುದು ಅದನ್ನೇ.

ಮಗುವಿನ ತಲೆಯು ಕಾಣಿಸಿಕೊಂಡು, ನೋವು ನಿಂತರೂ ಒಳಕ್ಕೆ ಸರಿಯದೆ ನಿಂತಿತೆಂದರೆ ಕಡೆಯ ಗಳಿಗೆ ಬಂದಿತೆಂದು ತಿಳಿಯಬೇಕು. ತಾಯಿಗೆ ಆಗ ದ್ವಾರದ ಸುತ್ತಲೂ ಕೆಂಡದ ಬಳೆ ತೊಡಿಸಿದಂತೆ ಉರಿಯುವುದು. ಬೇಗ ಮುಗಿದುಹೋಗಲೆಂದು ಬಲವನ್ನೆಲ್ಲ ಕೂಡಿಸಿ ತಳ್ಳಬೇಕೆನಿಸುವುದು ಅದೇ ಕ್ಷಣ. ತಳ್ಳಬಾರದುದೂ ಅದೇ ಕ್ಷಣ. ಆಗ ಬಾಯಿ ತೆರೆದು, ಬಿಸಿ ಹಾಲನ್ನು ಆರಿಸುವಾಗ ಊದುವಂತೆ, ‘ಹೂ ಹೂ’ ಎಂದು ಸಣ್ಣಗೆ ಉಸಿರು ಬಿಡುತ್ತಿರಬೇಕು. ಗರ್ಭಕೋಶವು ತನ್ನ ಕೆಲಸವನ್ನು ತಾನೇ ಮಾಡುವುದು. ತಲೆಯು ಎಳ್ಳಷ್ಟು ಎಳ್ಳಷ್ಟೇ ಹೊರಕ್ಕೆ ಬರುವುದು. ಬಳಿಯಲ್ಲಿರುವ ದಾದಿ ಒಂದು ಕೈಯಿಂದ ತಲೆಯ ವೇಗವನ್ನು ತಡೆದು, ಇನ್ನೊಂದು ಕೈಯಿಂದ ಆ ಎಡೆಯನ್ನು ಆತುಕೊಂಡಿರಬೇಕು. ನಾರ್ವೆ ದೇಶದ ಆಸ್ಪತ್ರೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ದಾದಿಯರಿಗೂ ಡಾಕ್ಟರುಗಳಿಗೂ ಈ ಕೈವಿದ್ಯೆಯನ್ನು ಮತ್ತೆ ಕಲಿಸಲಾಗಿ, ತರಬೇತಿ ನಡೆದ ಕಡೆಗಳಲ್ಲಿ ದೊಡ್ಡ ಗಾಯಗಳು ಅರ್ಧಕ್ಕಿಂತಲೂ ಕಡಿಮೆಯಾದುವು. ಯಂತ್ರವಿಲ್ಲ, ಔಷಧವಿಲ್ಲ, ತಾಳ್ಮೆಯುಳ್ಳ ಎರಡು ಕೈಗಳು, ಮತ್ತು ತಾಯಿಯೊಡನೆ ಆಡುವ ಮೆದುವಾದ ಮಾತು.

ಮೂರನೆಯ ಉಪಾಯವು ಬಿಸಿನೀರಿನ ಬಟ್ಟೆ. ಶುದ್ಧವಾದ ಬಟ್ಟೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮಣಿಕಟ್ಟಿನ ಒಳಬದಿಗೆ ಸೋಕಿಸಿ ಸುಡದೆಂದು ಖಚಿತ ಮಾಡಿಕೊಂಡು, ತಿಣುಕುವ ಹೊತ್ತಿನಲ್ಲಿ ದಾದಿಯು ಆ ಎಡೆಗೆ ಒತ್ತಿ ಹಿಡಿಯಬೇಕು. ಆರಿದೊಡನೆ ಬೇರೆ ಬಟ್ಟೆ. ಕಾವಿನಿಂದ ರಕ್ತದ ಸಂಚಾರ ಹೆಚ್ಚಿ ಮಾಂಸವು ಮೃದುವಾಗುವುದು. ನೋವೂ ಎಷ್ಟೋ ತಗ್ಗುವುದು. ಮೂರನೆಯ ನಾಲ್ಕನೆಯ ತರದ ಗಾಯಗಳು ಇದರಿಂದ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುವುವೆಂದು ಹಲವು ಪರೀಕ್ಷೆಗಳನ್ನು ಕೂಡಿಸಿ ಕಂಡಿದ್ದಾರೆ. ಬಿಸಿನೀರೂ ಬಟ್ಟೆಯೂ ಇಲ್ಲದ ಆಸ್ಪತ್ರೆ ಎಲ್ಲಿದೆ? ಆದರೂ ಕೇಳುವವರಿಲ್ಲದುದರಿಂದ ಮಾಡುವವರು ವಿರಳ.

ನಾಲ್ಕನೆಯದು ಮಲಗುವ ಭಂಗಿ. ಅಂಗಾತ ಮಲಗಿಸಿ ಕಾಲುಗಳನ್ನು ಮೇಲಕ್ಕೆ ಕಟ್ಟುವುದು ನೋಡುವವರಿಗೆ ಅನುಕೂಲ, ಹೆರುವವಳಿಗಲ್ಲ. ಎಡಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನು ಒಬ್ಬರು ಎತ್ತಿ ಹಿಡಿದಿದ್ದರೆ ತಲೆಯು ನಿಧಾನವಾಗಿ ಬರುವುದು. ಕೈಮಂಡಿಗಳನ್ನೂರಿ ಬಾಗಿದ್ದರೂ ಹಾಗೆಯೇ. ಕುಕ್ಕುರುಗಾಲಿನಲ್ಲಿ ಕುಳಿತು ಹೆರುವುದು ನಮ್ಮ ಹಳೆಯ ಪದ್ಧತಿ. ಮಗುವು ಇಳಿಯಲು ಅದು ಒಳ್ಳೆಯದು, ಕತ್ತರಿಯ ಬಳಕೆಯೂ ಕಡಿಮೆಯಾಗುವುದು. ಆದರೆ ಕಡೆಯ ಗಳಿಗೆಯಲ್ಲಿ ತಲೆಯು ವೇಗವಾಗಿ ಬಂದು ಎರಡನೆಯ ತರದ ಹರಕು ಕೊಂಚ ಹೆಚ್ಚಬಹುದು, ರಕ್ತವೂ ತುಸು ಹೆಚ್ಚು ಹೋಗಬಹುದು. ಆದುದರಿಂದ ಮೊದಲು ಕುಳಿತಿದ್ದು ನಡೆದಾಡಿ, ಕಡೆಯಲ್ಲಿ ಮಗ್ಗುಲಾಗುವುದು ಒಳ್ಳೆಯದೆಂದು ನನ್ನ ಅನುಭವ.

ಕತ್ತರಿಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡುವೆನು. ತಾನಾಗಿ ಹರಿಯುವುದಕ್ಕಿಂತ ಡಾಕ್ಟರರೇ ನೇರವಾಗಿ ಕತ್ತರಿಸಿ ಹೊಲಿಯುವುದು ಮೇಲೆಂಬ ಭಾವನೆ ಬಹುಕಾಲ ನಡೆದುಬಂದಿತು. ಡಬ್ಲಿನ್ನಿನ ಫೀಲ್ಡಿಂಗ್ ಊಲ್ಡ್ ಎಂಬ ವೈದ್ಯರು ೧೭೪೨ರಲ್ಲಿ ಇದನ್ನು ಕಷ್ಟದ ಹೆರಿಗೆಗೆ ಮಾತ್ರ ಸೂಚಿಸಿದ್ದರು. ಅಮೆರಿಕದ ಡಿಲೀ ಎಂಬವರು ೧೯೨೦ರಲ್ಲಿ ಇದನ್ನು ಮುನ್ನೆಚ್ಚರಿಕೆಯಾಗಿಯೇ ಮಾಡಬೇಕೆಂದು ವಾದಿಸಿದ ಮೇಲೆ ಅದು ಆಸ್ಪತ್ರೆಗಳ ವಾಡಿಕೆಯಾಯಿತು. ನಾನು ತರಬೇತಿ ಪಡೆಯುವಾಗ ಚೊಚ್ಚಲೆಂದರೆ ಕತ್ತರಿ ಎಂಬುದೇ ಪಾಠ. ಆ ಪಾಠವನ್ನು ಒರೆಗೆ ಹಚ್ಚಿದ ದೊಡ್ಡ ಪರೀಕ್ಷೆಯು ಅರ್ಜೆಂಟೀನ ದೇಶದಲ್ಲಿ ನಡೆದು ೧೯೯೩ರಲ್ಲಿ ಪ್ರಕಟವಾಯಿತು. ೨,೬೦೬ ಮಂದಿ ತಾಯಂದಿರನ್ನು ಎರಡು ಪಂಗಡ ಮಾಡಿ, ಒಂದರಲ್ಲಿ ವಾಡಿಕೆಯಂತೆ ಕತ್ತರಿಸಿದರು, ಇನ್ನೊಂದರಲ್ಲಿ ಅಗತ್ಯ ಬಿದ್ದರೆ ಮಾತ್ರ ಕತ್ತರಿಸಿದರು. ಮೊದಲನೆಯದರಲ್ಲಿ ನೂರಕ್ಕೆ ೮೩ ಮಂದಿಗೆ ಕತ್ತರಿ ಬಿದ್ದಿತು, ಎರಡನೆಯದರಲ್ಲಿ ೩೦ ಮಂದಿಗೆ. ದೊಡ್ಡ ಗಾಯಗಳು ಮೊದಲನೆಯದರಲ್ಲಿ ಕಡಿಮೆಯಾಗಲೇ ಇಲ್ಲ, ೧.೫ ಮತ್ತು ೧.೨, ಅಷ್ಟೇ ವ್ಯತ್ಯಾಸ, ಅದೂ ಕತ್ತರಿಸದವರ ಪಾಲಿಗೆ ಒಳ್ಳೆಯದಾಗಿ. ವಾಡಿಕೆಯಾಗಿ ಕತ್ತರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲಿ ಸ್ಪಷ್ಟವಾಗಿ ಹೇಳಿತು. ಮಗುವಿನ ಎದೆಬಡಿತ ಕುಗ್ಗಿದಾಗ, ಇಕ್ಕುಳ ಹಾಕಬೇಕಾದಾಗ ಕತ್ತರಿಯು ಬೇಕಾಗುವುದು. ಅಂಥ ಹೊತ್ತಿನಲ್ಲಿ ಬೇಡವೆನ್ನಬಾರದು. ಬೇಕಾದವಳಿಗೆ ಕತ್ತರಿಯು ಉಪಕಾರ. ಎಲ್ಲರಿಗೂ ಎಂದರೆ ಅದು ಅವಸರದ ಇನ್ನೊಂದು ಹೆಸರು.

ಇದನ್ನೆಲ್ಲ ಓದಿ, ಹಾಗಾದರೆ ಆಸ್ಪತ್ರೆಯೇ ಬೇಡ, ಹಿಂದಿನಂತೆ ಮನೆಯ ಹೆರಿಗೆಯೇ ಮೇಲೆಂದು ಯಾರಾದರೂ ಭಾವಿಸುವುದಾದರೆ ನನಗೆ ದುಃಖವಾಗುವುದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಗುಣಕ್ಕೆ ಕೈಮುಗಿಯೋಣ. ಆದರೆ ರಕ್ತ ಹರಿಯತೊಡಗಿದರೆ ಅದನ್ನು ನಿಲ್ಲಿಸುವ ಔಷಧವೂ, ಹರಿದ ಉಂಗುರಸ್ನಾಯುವನ್ನು ಗುರುತಿಸಿ ಹೊಲಿಯುವ ಡಾಕ್ಟರೂ ಹಳ್ಳಿಯ ಮನೆಯಲ್ಲಿ ಸಿಕ್ಕುವುದಿಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ೯೭ ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಇದು ದೊಡ್ಡ ಗೆಲುವು. ಇನ್ನು ಬೇಕಾದುದು ಆಸ್ಪತ್ರೆಯೊಳಕ್ಕೆ ಸೂಲಗಿತ್ತಿಯ ತಾಳ್ಮೆಯನ್ನು ತರುವುದು. ಕೇಂದ್ರ ಸರಕಾರವು ೨೦೧೭ರ ಡಿಸೆಂಬರಿನಲ್ಲಿ ತೊಡಗಿದ ‘ಲಕ್ಷ್ಯ’ ಎಂಬ ಕಾರ್ಯಕ್ರಮದಲ್ಲಿ, ಹೆರಿಗೆಯ ಕೋಣೆಯಲ್ಲಿ ತಾಯಿಯೊಡನೆ ಗೌರವದಿಂದ ನಡೆದುಕೊಳ್ಳಬೇಕು, ಅವಳು ಬಯಸಿದ ಒಬ್ಬರು ಜೊತೆಗಿರಲು ಬಿಡಬೇಕು ಎಂಬುದನ್ನು ಸೇರಿಸಿದೆ.

ಆದುದರಿಂದ ಒಂಬತ್ತನೆಯ ತಿಂಗಳ ತಪಾಸಣೆಗೆ ಹೋದಾಗಲೇ, ತಾಯಂದಿರೇ, ವಿನಯದಿಂದ ನಾಲ್ಕು ಮಾತು ಕೇಳಿರಿ. “ಜೊತೆಗೆ ಒಬ್ಬರು ಇರಬಹುದೆ? ಮಗ್ಗುಲಾಗಿ ಹೆರಲು ಅನುಕೂಲವಿದೆಯೆ? ಕಡೆಯಲ್ಲಿ ಬಿಸಿ ಬಟ್ಟೆ ಹಿಡಿಯುವಿರಾ? ಅಗತ್ಯವಿಲ್ಲದೆ ಕತ್ತರಿಸುವುದಿಲ್ಲವಷ್ಟೆ?” ನೋವು ಬಂದ ಮೇಲೆ ಕೇಳಿದರೆ ಅದು ಜಗಳವಾಗುವುದು, ಮೊದಲೇ ಕೇಳಿದರೆ ಸಮಾಲೋಚನೆಯಾಗುವುದು. ನಾನು ಆ ಕೋಣೆಯಲ್ಲಿ ದುಡಿದವಳಾದುದರಿಂದ ಹೇಳುತ್ತೇನೆ: ಒಂದೇ ರಾತ್ರಿ ಆರು ಹೆರಿಗೆ ನೋಡಬೇಕಾದ ದಾದಿಯ ಅವಸರಕ್ಕೆ ಕಾರಣ ಕಲ್ಲೆದೆಯಲ್ಲ, ಕೈಸಾಲದಿರುವುದು. ಜೊತೆಗಿರುವ ತಾಯಿಯೋ ಅಕ್ಕನೋ ಕಾಲನ್ನು ಹಿಡಿದು, ‘ಊದು, ಮಗಳೇ, ಮೆಲ್ಲನೆ ಊದು’ ಎಂದು ಕಿವಿಯಲ್ಲಿ ಹೇಳುತ್ತಿದ್ದರೆ ಆ ದಾದಿಗೂ ಅದು ನೆರವು.

ಇಷ್ಟೆಲ್ಲ ಮಾಡಿಯೂ ಹರಿಯಬಹುದು. ಮಗುವಿನ ತೂಕ ನಾಲ್ಕು ಕಿಲೋ ಮೀರಿದ್ದರೆ, ಅದರ ಮುಖ ಮೇಲ್ಮುಖವಾಗಿದ್ದರೆ, ಭುಜ ಸಿಕ್ಕಿಕೊಂಡರೆ, ಇಕ್ಕುಳ ಬೇಕಾದರೆ ಗಾಯದ ಸಂಭವ ಹೆಚ್ಚು. ಹರಿದರೆ ಅದು ತಾಯಿಯ ತಪ್ಪಲ್ಲ. ‘ನೀನು ಸರಿಯಾಗಿ ತಿಣುಕಲಿಲ್ಲ’ ಎಂದು ಯಾರೂ ಅವಳನ್ನು ನೋಯಿಸತಕ್ಕುದಲ್ಲ. ಮುಖ್ಯವಾದುದೇನೆಂದರೆ, ಹೆರಿಗೆಯಾದೊಡನೆ ಗಾಯವನ್ನು ಚೆನ್ನಾಗಿ ಬೆಳಕಿನಲ್ಲಿ ಪರೀಕ್ಷಿಸಿ, ಉಂಗುರಸ್ನಾಯುವಿಗೆ ಪೆಟ್ಟಾಗಿದ್ದರೆ ಬಲ್ಲವರು ಆಗಲೇ ಹೊಲಿಯಬೇಕು. ಹೀಗೆ ಸಕಾಲದಲ್ಲಿ ಹೊಲಿಸಿಕೊಂಡವರಲ್ಲಿ ನೂರಕ್ಕೆ ೬೦ರಿಂದ ೮೦ ಮಂದಿ ಒಂದು ವರ್ಷದೊಳಗೆ ಯಾವ ತೊಂದರೆಯೂ ಇಲ್ಲದಂತಾಗುವರು.

ಬಾಣಂತಿಯ ಆರೈಕೆಯಲ್ಲಿಯೂ ಒಂದು ತಿದ್ದುಪಡಿ ಬೇಕು. ನೀರು ಕುಡಿದರೆ ಮೈ ಊದುವುದೆಂದು ನೀರನ್ನು ಅಳೆದು ಕೊಡುವುದೂ, ಸೊಪ್ಪುತರಕಾರಿ ನಂಜೆಂದು ಬರಿಯ ಅನ್ನ, ಮೆಣಸಿನ ಸಾರಿನಲ್ಲಿಯೇ ಇಡುವುದೂ ಇನ್ನೂ ಎಷ್ಟೋ ಮನೆಗಳಲ್ಲಿವೆ. ಇದರಿಂದ ಮಲಬದ್ಧತೆಯಾಗಿ, ಹೊಲಿಗೆಯ ಮೇಲೆ ಒತ್ತಡ ಬಿದ್ದು ಗಾಯ ಮಾಯಲು ತಡವಾಗುವುದು. ಬೇಕಾದಷ್ಟು ನೀರು, ಸೊಪ್ಪು, ಹಣ್ಣು ಕೊಡಿರಿ. ಪ್ರತಿಸಲವೂ ಮುಂದಿನಿಂದ ಹಿಂದಕ್ಕೆ ತೊಳೆದು ಒರಸಿಕೊಳ್ಳಬೇಕು. ಅಗಲವಾದ ಶುದ್ಧ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಬಾರಿ ಹತ್ತು ನಿಮಿಷ ಕುಳಿತರೆ ಹಾಯೆನಿಸುವುದು. ಜ್ವರ ಬಂದರೆ, ದುರ್ವಾಸನೆ ಬಂದರೆ, ನೋವು ಹೆಚ್ಚುತ್ತ ಹೋದರೆ, ವಾಯು ಅಥವಾ ಮಲ ತಡೆಯಲಾಗದಿದ್ದರೆ ಅದೇ ದಿನ ಡಾಕ್ಟರಲ್ಲಿಗೆ ಹೋಗತಕ್ಕುದು. ಬಾಣಂತಿಯನ್ನು ನೋಡಲು ಬರುವವರೆಲ್ಲರೂ ಮಗುವಿಗೆ ಹಾಲು ಸಾಲುತ್ತದೆಯೆ ಎಂದು ಕೇಳುವರು. ಮನೆಯ ಹಿರಿಯಳೊಬ್ಬಳು ಬಾಗಿಲು ಮುಚ್ಚಿ ಹತ್ತಿರ ಕುಳಿತು, ‘ನಿನಗೆ ಹೇಗಿದೆ? ಕುಳಿತರೆ ನೋವಾಗುವುದೆ? ತಡೆದುಕೊಳ್ಳಲು ಬರುತ್ತದೆಯೆ?’ ಎಂದು ಕೇಳಬೇಕು. ಅವಳಾಗಿ ಹೇಳಳು, ಕೇಳಿದರೆ ಹೇಳುವಳು.

ಹಣ್ಣು ಮರದಲ್ಲಿ ಮಾಗಲು ಕಾಯುವೆವು, ಹಾಲು ಹೆಪ್ಪಾಗಲು ಒಂದು ರಾತ್ರಿ ಬಿಡುವೆವು. ಒಂಬತ್ತು ತಿಂಗಳು ಕಾದ ಮಗುವಿಗಾಗಿ ಕಡೆಯ ಅರ್ಧ ಗಂಟೆ ಕಾಯಲಾರೆವೆ? ತಾಯಿಯ ಉಸಿರು ಮೆಲ್ಲಗಾಗಲಿ, ದಾದಿಯ ಕೈ ಹದವಾಗಲಿ, ಬಳಿಯಿರುವವರ ಕೂಗು ಅಡಗಲಿ. ಮಗು ಕ್ಷೇಮವೆಂದು ಕೇಳಿದೊಡನೆ ಹೊರಗೆ ಕಾಯುತ್ತಿರುವವರು ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಲಿ: ತಾಯಿ ಹೇಗಿದ್ದಾಳೆ?